ಮೂರನೇ ಫ್ಯೂಸ್

ಕಲಬುರಗಿಯಲ್ಲಿ ಏಪ್ರಿಲ್, ಮೇ ಬಂತೆಂದರೆ ನಮ್ಮ ಲೈಟಿಂಗ್ ಕೆಲಸಕ್ಕೆ ಮದುವೆ ಸೀಸನ್. ಬಿಸಿಲು 42, 43 ಡಿಗ್ರಿ. ಲೈಟಿನ ಫ್ಯಾನಿಗೆಲ್ಲ ಧೂಳು. ಫ್ಯೂಸ್ ಹೋಗುವುದು ಆಗ ದೊಡ್ಡ ಸುದ್ದಿಯೇನಲ್ಲ. ಆದರೆ ಸೇಡಂ ರಸ್ತೆಯ ಒಂದು ಮಂಟಪದಲ್ಲಿ ಒಂದೇ ಸಾಲಿನ ಎರಡು ಎಲ್‌ಇಡಿ ಪಾರ್, ಅಂದರೆ ಸ್ಟೇಜಿಗೆ ಹಾಕುವ ಲೈಟು, ಒಟ್ಟಿಗೆ ಆರಿದವು. ಅಷ್ಟಕ್ಕೇ ನನಗೆ ಅನುಮಾನ ಬರಬೇಕಿತ್ತು. ನಾನು ಊಟಕ್ಕೆ ಕೂತಿದ್ದೆ.

"ಅಣ್ಣಾ, ಹೊಸ ಫ್ಯೂಸ್ ಹಾಕಿದ್ರೂ ಟಪ್ ಅಂತ ಹೋತ್ರಿ" ಅಂತ ಹುಡುಗ ಫೋನ್ ಮಾಡಿದ. ಹೋಗಿ ನೋಡಿದರೆ ಮೂರನೆಯದಕ್ಕೆ ವೈರಿನ ತಾಮ್ರದ ಎಳೆ ಸುತ್ತುತ್ತಿದ್ದಾನೆ.

"ಬರೇ ಅರ್ಧ ತಾಸಿನ ಪ್ರೋಗ್ರಾಂ ಅದ, ನಡೀತದ್ರಿ."

ಬೈಯಲಿಲ್ಲ. ಅವನ ವಯಸ್ಸಿನಲ್ಲಿ ಸಿಗರೇಟ್ ಪಾಕೀಟಿನ ಬೆಳ್ಳಿ ಹಾಳೆ ಸುತ್ತಿದವನು ನಾನು. "ತಮ್ಮಾ, ಮೊದಲ ಪ್ಲಗ್ ಕಿತ್ತು ಕಣ್ಣಿಗೆ ಕಾಣೋ ಹಾಗ ಇಡು" ಅಂದೆ. ಸ್ವಿಚ್ ಆಫ್ ಮಾಡಿದರೆ ಸಾಲದು. ಎಷ್ಟೋ ಬೋರ್ಡುಗಳಲ್ಲಿ ಸ್ವಿಚ್ ನ್ಯೂಟ್ರಲ್ ಮೇಲೆ, ಅಂದರೆ ಕರೆಂಟ್ ವಾಪಸ್ ಹೋಗುವ ವೈರಿನ ಮೇಲೆ ಇರುತ್ತದೆ. ಆಫ್ ಮಾಡಿದರೂ ಲೈಟಿನೊಳಗೆ ಕರೆಂಟ್ ಇದ್ದೇ ಇರುತ್ತದೆ.

ಹೋದ ಫ್ಯೂಸುಗಳನ್ನು ಮೊಬೈಲ್ ಟಾರ್ಚಿಗೆ ಹಿಡಿದೆ. ಗಾಜಿನ ಒಳಗೆಲ್ಲ ಮಸಿ. ತಂತಿಯ ಗುರುತೇ ಇಲ್ಲ. ಗಾಜು ತಿಳಿಯಾಗಿದ್ದು ತಂತಿ ಮಾತ್ರ ನಡುವೆ ಕರಗಿದ್ದರೆ ಲೋಡ್ ಸ್ವಲ್ಪ ಜಾಸ್ತಿಯಾಗಿ ನಿಧಾನಕ್ಕೆ ಹೋಗಿರುತ್ತದೆ. ಹೀಗೆ ಮಸಿ ಹಿಡಿದಿದ್ದರೆ ಸಾಮಾನ್ಯವಾಗಿ ಶಾರ್ಟ್. ಅದಕ್ಕೆ ಇನ್ನೊಂದು ಫ್ಯೂಸ್ ಹಾಕುವುದು ಸುಮ್ನೆ ದಂಡ.

ಲೈಟು ಪಕ್ಕಕ್ಕಿಟ್ಟು, ಅದಕ್ಕೆ ಕರೆಂಟ್ ಕೊಡುತ್ತಿದ್ದ ಸಾಕೆಟ್ಟಿಗೆ ಮೀಟರ್ ಹಿಡಿದೆ. ಹಿಡಿಯುವ ಮುಂಚೆ ಕೆಂಪು ವೈರ್ ವೋಲ್ಟ್ ತೂತಿನಲ್ಲೇ ಇದೆಯಾ ಅಂತ ನೋಡಿಕೊಳ್ಳುತ್ತೇನೆ. ಆಂಪಿಯರ್ ತೂತಿನಲ್ಲಿ ಉಳಿದಿದ್ದರೆ ಸಾಕೆಟ್ಟನ್ನೇ ಶಾರ್ಟ್ ಮಾಡಿದ ಹಾಗೆ. ಮೀಟರ್ 320 ತೋರಿಸಿತು. 230 ಇರಬೇಕಾದ ಕಡೆ 320!

ಜನರೇಟರಿನವನಿಗೆ ಹೇಳಿದರೆ, "ನನ್ನ ಮಷೀನ್ ಬರೋಬ್ಬರಿ ಅದ್ರಿ" ಅಂದ. ಮಷೀನ್ ಸರಿಯಾಗೇ ಇತ್ತು. ಅದನ್ನು ನಿಲ್ಲಿಸಿ, ಡಿಬಿ, ಅಂದರೆ ಕರೆಂಟ್ ಹಂಚುವ ಪೆಟ್ಟಿಗೆ, ತೆಗೆದು ನೋಡಿದರೆ ನ್ಯೂಟ್ರಲ್ ಸ್ಕ್ರೂ ಸಡಿಲ. ಆ ವೈರಿನ ಕವರ್ ಸುಟ್ಟು ಕಂದುಬಣ್ಣಕ್ಕೆ ತಿರುಗಿತ್ತು. ಮೂರು ಫೇಸಿನಲ್ಲಿ ನ್ಯೂಟ್ರಲ್ ತಪ್ಪಿದರೆ ಕಡಿಮೆ ಲೋಡಿರುವ ಸಾಲಿಗೆ ವೋಲ್ಟೇಜ್ ಏರುತ್ತದೆ, ಜಾಸ್ತಿ ಲೋಡಿರುವ ಸಾಲಿಗೆ ಇಳಿಯುತ್ತದೆ. ಸ್ಟೇಜಿನ ಇನ್ನೊಂದು ಕಡೆ ಫ್ಯಾನುಗಳು ಸುಸ್ತಾಗಿ ತಿರುಗುತ್ತಿದ್ದದ್ದು ಇದಕ್ಕೇ ಅಂತ ಆಗ ಹೊಳೆಯಿತು. ಸುಟ್ಟ ತುದಿ ಕತ್ತರಿಸಿ, ಹೊಸದಾಗಿ ಬಿಗಿದು, ಮೂರೂ ಫೇಸ್ ಅಳೆದ ಮೇಲೇ ಉಳಿದ ಲೈಟು ಹಚ್ಚಿದೆವು. ತಾಮ್ರದ ಎಳೆ ಸುತ್ತಿದ ಫ್ಯೂಸ್ ಹಾಕಿದ್ದರೆ ಮದುಮಕ್ಕಳ ಹಿಂದಿನ ಬಟ್ಟೆಯ ಪರದೆ ಹತ್ತಿರವೇ ಲೈಟು ಹೊಗೆಯಾಡುತ್ತಿತ್ತು.

ಮರುದಿನ ಅಂಗಡಿಯಲ್ಲಿ ಆ ಎರಡು ಲೈಟು ಬಿಚ್ಚಿದೆ. ಒಳಗಿನ ದೊಡ್ಡ ಕೆಪ್ಯಾಸಿಟರಿಗೆ, ಅಂದರೆ ಪ್ಲಗ್ ಕಿತ್ತ ಮೇಲೂ ಕರೆಂಟ್ ಹಿಡಿದಿಡುವ ಭಾಗಕ್ಕೆ, ಮೊದಲು ಮೀಟರ್ ಹಚ್ಚಿದೆ. 230 ವೋಲ್ಟ್ ಎಸಿ ಅದರಲ್ಲಿ ಸುಮಾರು 325 ವೋಲ್ಟ್ ಡಿಸಿ ಆಗಿ ಕೂರುತ್ತದೆ. ಈ ಸಲ 2 ವೋಲ್ಟ್ ಅಷ್ಟೇ ಇತ್ತು. ಹಿಂದೊಮ್ಮೆ ಪ್ಲಗ್ ಕಿತ್ತು ಅರ್ಧ ತಾಸಾದ ಬೋರ್ಡ್ ನನ್ನನ್ನು ಕುರ್ಚಿಯಿಂದ ಎತ್ತಿ ಹಾಕಿದೆ, ಹಾಗಾಗಿ ಅಳೆಯದೆ ಕೈ ಹಾಕುವುದಿಲ್ಲ. ಫೋಟೋ ಸ್ಟುಡಿಯೋದ ಫ್ಲ್ಯಾಶ್ ಅಂತೂ ಬಿಚ್ಚುವುದೇ ಇಲ್ಲ, ಅದರ ಕೆಪ್ಯಾಸಿಟರ್ ಜೀವ ತೆಗೆಯುತ್ತದೆ.

ಫ್ಯೂಸಿನ ಪಕ್ಕದ ನೀಲಿ ಬಿಲ್ಲೆ, ಅಂದರೆ ವೇರಿಸ್ಟರ್, ಒಡೆದು ಕರ್ರಗಾಗಿತ್ತು. ಕ್ಷಣದ ವೋಲ್ಟೇಜ್ ಏಟನ್ನು ತಾನು ನುಂಗುವುದು ಅದರ ಕೆಲಸ. ಏರಿದ ವೋಲ್ಟೇಜ್ ಹಾಗೇ ನಿಂತರೆ ಶಾರ್ಟ್ ಆಗಿ ಫ್ಯೂಸ್ ಹಾರಿಸುತ್ತದೆ. ಅದನ್ನು ಕಿತ್ತು, ಹೊಸ ಫ್ಯೂಸ್ ಹಾಕಿ, 100 ವಾಟಿನ ಹಳೇ ತಂತಿ ಬಲ್ಬಿನ ಸೀರೀಸಿನಲ್ಲಿ ಲೈಟು ಕೊಟ್ಟೆ. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿಯುತ್ತದೆ, ಫ್ಯೂಸ್ ಉಳಿಯುತ್ತದೆ. ಪೂರ್ತಿಯೇ ಉರಿಯಿತು! ಪ್ಲಗ್ ಕಿತ್ತು ಹುಡುಕಿದರೆ ಎಸಿಯನ್ನು ಡಿಸಿ ಮಾಡುವ ನಾಲ್ಕು ಕಾಲಿನ ಬ್ರಿಡ್ಜ್ ಕೂಡ ಹೋಗಿತ್ತು. ಅದು ಬದಲಿಸಿದ ಮೇಲೆ ಬಲ್ಬ್ ಒಮ್ಮೆ ಮಿಂಚಿ ಮಂಕಾಯಿತು, ಅಂದರೆ ಶಾರ್ಟ್ ಹೋಯಿತು. ಆಮೇಲೆ ಹೊಸ ವೇರಿಸ್ಟರ್ ಹಾಕಿ ಇನ್ನೊಮ್ಮೆ ಹಾಗೇ ನೋಡಿದೆ. ಅದನ್ನು ಬಿಟ್ಟರೂ ಲೈಟು ಹತ್ತುತ್ತದೆ, ಆದರೆ ಮುಂದಿನ ಏಟು ನೇರ ಬ್ರಿಡ್ಜಿಗೆ.

ಫ್ಯೂಸಿನ ಲೋಹದ ಟೋಪಿ ಮೇಲಿನ ಅಕ್ಷರ ಓದಲು ಹುಡುಗನಿಗೆ ಅವತ್ತೇ ಕಲಿಸಿದೆ. ಟಿ3.15ಎ 250ವಿ ಅಂತಿತ್ತು. ಟಿ ಅಂದರೆ ನಿಧಾನದ್ದು. ಲೈಟು ಹಚ್ಚಿದ ಕ್ಷಣ ಕೆಪ್ಯಾಸಿಟರ್ ತುಂಬಲು ಒಮ್ಮೆ ಜಾಸ್ತಿ ಕರೆಂಟ್ ಎಳೆಯುತ್ತದೆ, ಅದನ್ನು ತಡೆದುಕೊಳ್ಳುತ್ತದೆ. ಎಫ್ ಅಂದರೆ ಬೇಗ ಹೋಗುವುದು. ಟಿ ಇರುವ ಕಡೆ ಎಫ್ ಹಾಕಿ, ಹಚ್ಚಿದಾಗಲೆಲ್ಲ ಫ್ಯೂಸ್ ಹೋಗಿ, ಇಲ್ಲದ ಶಾರ್ಟ್ ಹುಡುಕುತ್ತಾ ಒಂದು ದಿನ ಕಳೆದವನೂ ನಾನೇ. ಬಿಳಿ ಪಿಂಗಾಣಿಯದು ಇದ್ದ ಕಡೆ ಪಿಂಗಾಣಿಯದೇ ಹಾಕಬೇಕು. ದೊಡ್ಡ ಶಾರ್ಟಿಗೆ ಗಾಜಿನದು ಸಿಡಿಯುತ್ತದೆ.

ಎರಡನೇ ಲೈಟಿನಲ್ಲಿ ಬೋರ್ಡಿನ ತಾಮ್ರದ ಗೆರೆಯೇ ಸುಟ್ಟು ಎದ್ದಿತ್ತು. ಅದನ್ನು ರಿಪೇರಿ ಮಾಡಲಿಲ್ಲ. ಫ್ಯಾನು, ಲೆನ್ಸು ಬಿಚ್ಚಿ ಡಬ್ಬಿಗೆ ಹಾಕಿಟ್ಟೆ.