ಸೊನ್ನೆ ಪರ್ಸೆಂಟ್

ಆ ಲೇಖನದ ಸಾಮ್ಯತೆ ವರದಿಯಲ್ಲಿ, ಅಂದರೆ ಬರಹ ಬೇರೆಯವರ ಬರಹದ ಜೊತೆ ಎಷ್ಟು ಹೊಂದುತ್ತದೆ ಅಂತ ತಂತ್ರಾಂಶ ಹೇಳುವ ಲೆಕ್ಕದಲ್ಲಿ, ಸೊನ್ನೆ ಪರ್ಸೆಂಟ್ ಅಂತ ಬಂದಿತ್ತು. ನನಗೆ ಖುಷಿಯೋ ಖುಷಿ. ಮಡಿಕೇರಿಯ ಜುಲೈ ಮಳೆ, ಎರಡು ದಿನದಿಂದ ಕರೆಂಟಿಲ್ಲ, ಸಂಚಿಕೆ ಪ್ರೆಸ್‌ಗೆ ಹೋಗಬೇಕು. ಇಂಥ ಹೊತ್ತಲ್ಲಿ ತಕರಾರಿಲ್ಲದ ಲೇಖನ ಸಿಕ್ಕರೆ ಸಂಪಾದಕಿಗೆ ಇನ್ನೇನು ಬೇಕು? ದೇವರಕಾಡಿನ ಆಚರಣೆಗಳ ಬಗ್ಗೆ 14 ಪುಟದ ಬರಹ. ಹಾಕಿಬಿಟ್ಟೆವು.

ನಮ್ಮದು ಚಿಕ್ಕ ಜರ್ನಲ್. ವರ್ಷಕ್ಕೆ ಎರಡು ಸಂಚಿಕೆ. ಮೂವರು ಅಧ್ಯಾಪಕರು ಪಾಠ ಮುಗಿಸಿ ಸಂಜೆ ಕೂತು ಮಾಡುವ ಕೆಲಸ.

ಹುತ್ತರಿ ಹಬ್ಬ ಕಳೆದ ಮೇಲೆ ಒಂದು ಫೋನ್ ಬಂತು. "ಮೇಡಂ, ನಿಮ್ಮ ಸಂಚಿಕೆಯಲ್ಲಿ ಬಂದಿರೋದು ನನ್ನ ಥೀಸಿಸ್‌ನ ಮೂರನೇ ಅಧ್ಯಾಯ." ಆ ಹುಡುಗನ ದನಿಯಲ್ಲಿ ಸಿಟ್ಟಿಗಿಂತ ಸಂಕೋಚ ಜಾಸ್ತಿ ಇತ್ತು, ತಾನೇ ಏನೋ ತಪ್ಪು ಮಾಡಿದ ಹಾಗೆ. ಥೀಸಿಸ್ ತರಿಸಿ ಪಕ್ಕಪಕ್ಕ ಇಟ್ಟು ಓದಿದೆ. ಒಂಬತ್ತು ಪುಟ ಅಕ್ಷರಕ್ಕೆ ಅಕ್ಷರ ಅದೇ. ಥೀಸಿಸ್‌ನಲ್ಲಿ ಒಂದು ಕಡೆ 'ತಕ್ಕ', ಅಂದರೆ ದೇವಸ್ಥಾನದ ಹಿರಿಯ, ಅನ್ನುವುದು ಬೆರಳು ತಪ್ಪಿ 'ತಕ್ಕಡಿ' ಆಗಿತ್ತು. ಹಿರಿಯ ತಕ್ಕಡಿಯಾದದ್ದು ನಮ್ಮ ಸಂಚಿಕೆಯಲ್ಲೂ ಹಾಗೇ ಬಂದಿದೆ! ನಾನಾಗಲಿ, ಅಚ್ಚಿಗೆ ಮೊದಲು ಲೇಖನ ಪರೀಕ್ಷಿಸುವ ವಿಮರ್ಶಕರಾಗಲಿ ಅದನ್ನು ನೋಡಿರಲಿಲ್ಲ.

ಹಾಗಾದರೆ ಸೊನ್ನೆ ಬಂದದ್ದು ಹೇಗೆ? ಲೇಖನ ಹಳೆಯ ನುಡಿ ಫಾಂಟ್‌ನಲ್ಲಿತ್ತು. ಆ ಫಾಂಟ್‌ನಲ್ಲಿ ಪರದೆ ಮೇಲೆ ಕಾಣುವುದು ಕನ್ನಡ, ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿ. ತಂತ್ರಾಂಶ ಓದಿದ್ದು ಆ ಚೆಲ್ಲಾಪಿಲ್ಲಿಯನ್ನು. ಅಂಥದ್ದು ಜಗತ್ತಿನಲ್ಲಿ ಬೇರೆಲ್ಲೂ ಸಿಗದಿದ್ದರೆ ಸೊನ್ನೆಯೇ ಬರಬೇಕು, ಅಲ್ವಾ? ಕಂಪ್ಯೂಟರಿಗೆ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ಗೆ ಬದಲಾಯಿಸಿ ಮತ್ತೆ ಹಾಕಿದೆ. ಆಗಲೂ ಬಂದದ್ದು ಬರೀ 11 ಪರ್ಸೆಂಟ್. ಆ ಥೀಸಿಸ್ ಸ್ಕ್ಯಾನ್ ಮಾಡಿದ ಚಿತ್ರವಾಗಿ ಇತ್ತು, ಯಂತ್ರಕ್ಕೆ ಅದನ್ನು ಓದಲು ಬರುವುದಿಲ್ಲ. ಈಗ ನಾವು ಯೂನಿಕೋಡ್ ಅಲ್ಲದ ಬರಹ ತೆಗೆದುಕೊಳ್ಳುವುದೇ ಇಲ್ಲ. ವರದಿ ಬಂದ ಮೇಲೂ ಲೇಖನದ ನಾಲ್ಕೈದು ಸಾಲು ಆರಿಸಿ ಕೈಯಾರೆ ಹುಡುಕುತ್ತೇವೆ.

ಈ ಪರ್ಸೆಂಟ್ ಲೆಕ್ಕವೇ ನಮ್ಮಲ್ಲಿ ಒಂದು ಕಾಯಿಲೆಯಾಗಿದೆ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮದಲ್ಲಿ 10 ಪರ್ಸೆಂಟ್‌ವರೆಗಿನ ಸಾಮ್ಯತೆಗೆ ದಂಡವಿಲ್ಲ. ಮೇಲೆ 40, 60 ಅಂತ ಹಂತಗಳಿವೆ. ಜನ ಇದನ್ನು 'ಒಂಬತ್ತರ ತನಕ ಕದಿಯಬಹುದು' ಅಂತ ಓದಿಕೊಂಡಿದ್ದಾರೆ. ಆಕಡೆ, ಹುತ್ತರಿ ಹಾಡಿನ ಮೇಲೆ ಬರೆದವರು ಕೊಡವ ಜನಪದ ಹಾಡುಗಳ ಸಂಗ್ರಹವಾದ 1924ರ 'ಪಟ್ಟೋಲೆ ಪಳಮೆ'ಯಿಂದ ಹೆಸರು ಹೇಳಿ ಸಾಲು ಕೊಟ್ಟರೂ ವರದಿ ಕೆಂಪಾಗುತ್ತದೆ. ಆಕರ ಹೇಳಿ ಕೊಟ್ಟ ಉಲ್ಲೇಖವನ್ನು ಲೆಕ್ಕದಿಂದ ಬಿಡಬೇಕು ಅಂತ ಅದೇ ನಿಯಮದಲ್ಲಿದೆ. ಅದನ್ನು ಯಾರೂ ಓದುವುದಿಲ್ಲ.

ಸರಿ, ಕದ್ದದ್ದು ಗೊತ್ತಾಯಿತು. ಮುಂದೇನು? ನನ್ನ ಮೊದಲ ಯೋಚನೆ ಹೇಳಲು ನಾಚಿಕೆಯಾಗುತ್ತದೆ. ವೆಬ್‌ಸೈಟಿನಿಂದ ಆ ಪಿಡಿಎಫ್ ಸುಮ್ನೆ ತೆಗೆದುಬಿಡೋಣ ಅನ್ನಿಸಿತು. ಸೈಟ್ ನೋಡಿಕೊಳ್ಳುವ ಹುಡುಗನೂ, "ಎರಡು ನಿಮಿಷದ ಕೆಲಸ ಮೇಡಂ, ಯಾರಿಗೆ ಗೊತ್ತಾಗುತ್ತೆ?" ಅಂದ. ಹಾಗೆ ಮಾಡದೆ ಉಳಿದದ್ದು ನಮ್ಮ ಮೂವರಲ್ಲಿ ಹಿರಿಯರಾದ ಇತಿಹಾಸದ ಸರ್ ಅವರಿಂದ. ಕೋಪ್ ಅನ್ನುವ ಸಂಪಾದಕರ ಸಂಸ್ಥೆಯ ಹಾಳೆಗಳನ್ನು ಅವರು ಪ್ರಿಂಟ್ ತೆಗೆದು ತಂದಿದ್ದರು. 1997ರಲ್ಲಿ ಬ್ರಿಟನ್ನಿನ ಕೆಲವು ವೈದ್ಯಕೀಯ ಪತ್ರಿಕೆಗಳ ಸಂಪಾದಕರು ಕಟ್ಟಿದ ಸಂಸ್ಥೆ ಅದು. ಕೃತಿಚೌರ್ಯದ ಅನುಮಾನ ಬಂದರೆ ಯಾರಿಗೆ ಮೊದಲು ಬರೆಯಬೇಕು, ಉತ್ತರ ಬರದಿದ್ದರೆ ಏನು, ಎಲ್ಲಕ್ಕೂ ಬಾಣದ ಗುರುತು ಹಾಕಿದ ನಕ್ಷೆ ಇದೆ, ಪುಕ್ಕಟೆ ಸಿಗುತ್ತದೆ.

ಅದರಂತೆ ಹೋದೆವು. ಎರಡೂ ಬರಹದ ಸಾಲುಗಳನ್ನು ಎದುರುಬದುರು ಇಟ್ಟ ಪಟ್ಟಿ ಮಾಡಿ ಲೇಖಕರಿಗೆ ಕಳಿಸಿದೆವು, ಮೇಲ್‌ನಲ್ಲೂ ರಿಜಿಸ್ಟರ್ಡ್ ಅಂಚೆಯಲ್ಲೂ. ಮೂರು ವಾರದ ಗಡುವು. ಕದ್ದಿದ್ದೀರಿ ಅಂತ ಬರೆಯಲಿಲ್ಲ, ವಿವರಣೆ ಕೇಳಿದೆವು. ಪತ್ರಕ್ಕೆ ಉತ್ತರ ಬರಲಿಲ್ಲ, ಫೋನ್ ಬಂತು. "ಮೇಡಂ, ಪ್ರಮೋಷನ್ ಫೈಲ್ ಮೇಲಿದೆ. ಮುಂದಿನ ಸಂಚಿಕೆಯಲ್ಲಿ ಸಣ್ಣದಾಗಿ ಕ್ಷಮೆ ಹಾಕಿ ಮುಗಿಸೋಣ." ಕೇಳಿ ಸಂಕಟವಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಆ ಥೀಸಿಸ್ ಬರೆದ ಹುಡುಗನಿಗೂ ಕೆಲಸದ ಫೈಲ್ ಒಂದು ಇರುತ್ತದಲ್ಲ. ನಾಳೆ ಅವನು ತನ್ನ ಅಧ್ಯಾಯ ಪ್ರಕಟಿಸಹೊರಟರೆ ಕಳ್ಳನಾಗುವವನು ಅವನೇ. ಮಾತಾಡಿದ್ದನ್ನು ಬರೆದು ಕಳಿಸಿ ಅಂದೆ. ಬರಲಿಲ್ಲ. ಗಡುವು ಮುಗಿದ ಮೇಲೆ ಅವರ ಸಂಸ್ಥೆಗೆ ಬರೆದೆವು. ಶಿಕ್ಷೆ ಕೊಡುವುದು ಅವರ ಕೆಲಸ, ದಾಖಲೆ ಸರಿಪಡಿಸುವುದು ನಮ್ಮದು.

ಹಿಂಪಡೆಯುವ ಪ್ರಕಟಣೆ ಬರೆಯಲು ನಾಲ್ಕು ಸಂಜೆ ಹಿಡಿಯಿತು, ಅರ್ಧ ಪುಟಕ್ಕೆ! ನನ್ನ ಮೊದಲ ಕರಡಿನಲ್ಲಿ ಸಿಟ್ಟು ತುಂಬಿತ್ತು. ಸರ್ ಅದರಲ್ಲಿ 'ಉದ್ದೇಶಪೂರ್ವಕ' ಅನ್ನುವ ಪದ ಹೊಡೆದು ಹಾಕಿದರು. ಉದ್ದೇಶ ನಮಗೆ ಕಾಣುವುದಿಲ್ಲ, ಪುಟ ಕಾಣುತ್ತದೆ ಅಂದರು. ಯಾವ ಲೇಖನ, ಯಾವ ಸಂಚಿಕೆ, ಎಷ್ಟು ಭಾಗ ಎಲ್ಲಿಂದ ಬಂದದ್ದು, ಹಿಂಪಡೆಯುತ್ತಿರುವುದು ಯಾರು, ಇಷ್ಟೇ ಉಳಿಯಿತು. ಪಿಡಿಎಫ್ ತೆಗೆಯಲಿಲ್ಲ. ಪ್ರತಿ ಪುಟದ ಮೇಲೂ 'ಹಿಂಪಡೆಯಲಾಗಿದೆ' ಅಂತ ಅಡ್ಡಕ್ಕೆ ಹಾಕಿಸಿ ಅಲ್ಲೇ ಇಟ್ಟೆವು. ಅದನ್ನು ಈಗಾಗಲೇ ಉಲ್ಲೇಖಿಸಿದವರು ಹುಡುಕಿ ಬಂದರೆ ಏನಾಯಿತು ಅಂತ ಗೊತ್ತಾಗಬೇಕಲ್ಲ.

ನಮ್ಮದೂ ಒಂದು ತಪ್ಪಿತ್ತು, ಅದನ್ನೂ ಸೇರಿಸಿದೆವು. ಆ ಲೇಖನ ಒಬ್ಬರೇ ವಿಮರ್ಶಕರ ಕೈಯಿಂದ ಬಂದಿತ್ತು, ಅವರು ಲೇಖಕರ ಹಳೆಯ ಸಹಪಾಠಿ. ನಾವು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ. ಕೊಡಗು ಚಿಕ್ಕದು. ಹೆಸರು ಮುಚ್ಚಿ ಕಳಿಸಿದರೂ ಎರಡನೇ ಪ್ಯಾರಾದಲ್ಲಿ ಊರು, ಒಕ್ಕ (ಮನೆತನ), ಐನ್‌ಮನೆ (ಮನೆತನದ ಮೂಲ ಮನೆ) ಬಂದ ಕೂಡಲೇ ಬರೆದವರು ಯಾರು ಅಂತ ಗೊತ್ತಾಗುತ್ತದೆ. ಈಗ ಇಬ್ಬರು ವಿಮರ್ಶಕರು, ಅವರಲ್ಲಿ ಒಬ್ಬರಾದರೂ ಜಿಲ್ಲೆಯ ಹೊರಗಿನವರು. ಗುರುತು, ನೆಂಟಸ್ತಿಕೆ, ಜಗಳ ಏನಿದ್ದರೂ ಮೊದಲೇ ತಿಳಿಸಬೇಕು ಅಂತ ಒಂದು ಸಾಲು ಹಾಕಿದ್ದೇವೆ. ಜಗಳ ಅನ್ನುವ ಪದ ನೋಡಿ ಕೆಲವರು ನಕ್ಕರು. ತೆಗೆಯಲಿಲ್ಲ.

ಅದಾದ ಮೇಲೆ ನನ್ನ ಕಣ್ಣು ಬೇರೆ ಕಡೆಗೂ ಹೋಯಿತು. 2018ರ ಆಗಸ್ಟ್ ಭೂಕುಸಿತದ ಸಂತ್ರಸ್ತರ ಮೇಲೆ ಒಂದು ಲೇಖನ ಬಂತು. ಹೆಸರು ಬದಲಾಯಿಸಿದ್ದರು. ಆದರೆ ಊರು, ವಯಸ್ಸು, ಯಾರನ್ನು ಕಳೆದುಕೊಂಡರು ಅನ್ನುವುದು ಹಾಗೇ ಇತ್ತು. ಮಕ್ಕಂದೂರು ಕಡೆಯವರು ಯಾರೇ ಓದಲಿ, ಮನೆ ತೋರಿಸಿಬಿಡುತ್ತಾರೆ. "ಅವರೇ ಒಪ್ಪಿಗೆ ಕೊಟ್ಟಿದ್ದಾರೆ" ಅಂದರು ಲೇಖಕಿ. ಏನಂತ ಹೇಳಿ ಕೇಳಿದಿರಿ ಅಂದೆ. ವಾಪಸ್ ಹೋಗಿ ವಿಚಾರಿಸಿದಾಗ, ಒಬ್ಬ ಅಜ್ಜಿ ಒಪ್ಪಿಗೆ ಪತ್ರವನ್ನು ಪರಿಹಾರದ ಅರ್ಜಿ ಅಂದುಕೊಂಡು ಸಹಿ ಹಾಕಿದ್ದರಂತೆ. ಆ ಭಾಗವನ್ನು ಲೇಖಕಿಯೇ ಕೈಬಿಟ್ಟರು. ದೇವರಕಾಡಿನ ಅಪರೂಪದ ಗಿಡ ಇರುವ ಜಾಗದ ಜಿಪಿಎಸ್ ಅಂಕಿಗಳನ್ನೂ ಈಗ ಅಚ್ಚು ಹಾಕುವುದಿಲ್ಲ. ಕಿತ್ತುಕೊಂಡು ಹೋಗುವವರಿಗೆ ನಾವೇ ದಾರಿ ತೋರಿಸಿದಂತಾಗುತ್ತದೆ.

ಲೇಖನ ಹಾಕಿಸಲು ವಿಚಾರಿಸುವವರ ಪ್ರಶ್ನೆ ಮಾತ್ರ ಬದಲಾಗಿಲ್ಲ. ಈ ತಿಂಗಳಲ್ಲೇ ಆಗುತ್ತಾ, ಎಷ್ಟು ಕೊಡಬೇಕು? ಮೊದಲು 'ಕೇರ್ ಲಿಸ್ಟ್‌ನಲ್ಲಿ ಇದ್ಯಾ' ಅಂತ, ಅಂದರೆ ಯುಜಿಸಿ ಒಪ್ಪಿದ ಜರ್ನಲ್‌ಗಳ ಪಟ್ಟಿಯಲ್ಲಿ ಇದೆಯಾ ಅಂತ, ಇನ್ನೊಂದು ಪ್ರಶ್ನೆ ಇತ್ತು. 2025ರ ಫೆಬ್ರವರಿಯಲ್ಲಿ ಯುಜಿಸಿ ಆ ಪಟ್ಟಿ ನಿಲ್ಲಿಸಿತು. ಈಗ 'ಐಎಸ್ಎಸ್ಎನ್ ಇದೆ ತಾನೇ' ಅನ್ನುತ್ತಾರೆ. ಅದು ಎಂಟು ಅಂಕಿಯ ಗುರುತಿನ ಸಂಖ್ಯೆ ಅಷ್ಟೇ, ಒಳಗಿನ ಸರಕಿನ ಬಗ್ಗೆ ಏನೂ ಹೇಳುವುದಿಲ್ಲ.

ಆ ಹುಡುಗನಿಗೆ ಪ್ರಕಟಣೆಯ ಪ್ರತಿ ಕಳಿಸಿದೆ. ವಾರದ ಮೇಲೆ ಮೆಸೇಜ್ ಬಂತು. "ಥ್ಯಾಂಕ್ಸ್ ಮೇಡಂ. ಒಂದು ಸಣ್ಣ ವಿಷಯ, ನನ್ನ ಇನಿಶಿಯಲ್ ತಪ್ಪಾಗಿದೆ." ಪುಟ ತೆಗೆದು ನೋಡಿದೆ. ಹೌದು. ಮುಂದಿನ ಸಂಚಿಕೆಯಲ್ಲಿ ಹಿಂಪಡೆಯುವ ಪ್ರಕಟಣೆಗೆ ಒಂದು ತಿದ್ದುಪಡಿ ಹಾಕಿದೆವು.