ಕುಸನೂರಿಗೆ 40: ಜೂನ್‌ನಲ್ಲಿ ಹಚ್ಚಿ, ನವೆಂಬರ್‌ನಲ್ಲಿ ಎಣಿಸಿ

2027ರ ನವೆಂಬರ್ 14ಕ್ಕೆ, ದನ ಮೇಯುವ ಜಾಗದಲ್ಲಿ ನೀಲಗಿರಿ ಬೆಳೆಸುವುದರ ವಿರುದ್ಧ ನಡೆದ ಕುಸನೂರು ಸತ್ಯಾಗ್ರಹಕ್ಕೆ 40 ವರ್ಷ ತುಂಬುತ್ತದೆ. ಹಾನಗಲ್ ತಾಲ್ಲೂಕಿನ ಈ ಊರಿನ ಹೆಸರು ಹೇಳಿದರೆ ನಮ್ಮ ಹುಡುಗರು ಮುಖ ನೋಡುತ್ತಾರೆ. ಅವರಿಗೆ ಮರ ಉಳಿಸುವ ಚಿಪ್ಕೊ ಚಳವಳಿ ಗೊತ್ತು, ಅಪ್ಪಿಕೊ ಅಲ್ಪಸ್ವಲ್ಪ ಗೊತ್ತು, ಪಕ್ಕದ ಮನೆಯದೇ ಗೊತ್ತಿಲ್ಲ. ನಿಮ್ಮ ಊರಲ್ಲಿ ಯುವಕ ಸಂಘವೋ ಮಹಿಳಾ ಸಂಘವೋ ಇದ್ದು, ಆ ದಿನ ಏನಾದರೂ ಮಾಡೋಣ ಅನ್ನಿಸಿದ್ದರೆ ಹೇಗೆ ಮಾಡಬಹುದು ಅಂತ ಬರೆಯುತ್ತಿದ್ದೇನೆ.

ಮೊದಲು ಕಥೆ ಗಟ್ಟಿ ಮಾಡಿಕೊಳ್ಳಿ. ಮೈಕ್ ಹಿಡಿದವರು ಐದು ನಿಮಿಷದಲ್ಲಿ ಹೇಳುವಷ್ಟಿದ್ದರೆ ಸಾಕು. 1984ರಲ್ಲಿ ರಾಜ್ಯ ಸರ್ಕಾರ ಮತ್ತು ಮರದ ತಿರುಳು (ಪಲ್ಪ್) ತಯಾರಿಸುವ ಹರಿಹರ ಪಾಲಿಫೈಬರ್ಸ್ ಕಂಪನಿ ಸೇರಿ ಕರ್ನಾಟಕ ಪಲ್ಪ್‌ವುಡ್ಸ್ ಅಂತ ಒಂದು ಜಂಟಿ ಕಂಪನಿ ಮಾಡಿದವು. ಕಾರ್ಖಾನೆಗೆ ಬೇಕಾದ ನೀಲಗಿರಿ ಬೆಳೆಸಲು ಸುಮಾರು 30,000 ಹೆಕ್ಟೇರ್ ಜಮೀನು ಕೊಡುವುದು ಅಂತ ಆಯಿತು. ಕಾಗದದ ಮೇಲೆ ಅದು ಸರ್ಕಾರದ್ದು. ಆದರೆ ದನ ಮೇಯುತ್ತಿದ್ದದ್ದು, ಹೆಣ್ಣುಮಕ್ಕಳು ಕಟ್ಟಿಗೆ ತರುತ್ತಿದ್ದದ್ದು ಅಲ್ಲೇ. ನೀಲಗಿರಿ ಎಲೆಯನ್ನು ದನವೂ ತಿನ್ನುವುದಿಲ್ಲ, ಆಡೂ ತಿನ್ನುವುದಿಲ್ಲ, ಅಲ್ವಾ? ಧಾರವಾಡದ ಸಮಾಜ ಪರಿವರ್ತನ ಸಮುದಾಯ ಅನ್ನುವ ಸಂಘಟನೆ ಮತ್ತು ಶಿವರಾಮ ಕಾರಂತರು ಸುಪ್ರೀಂ ಕೋರ್ಟಿಗೆ ಹೋದರು. 1987ರ ಮಾರ್ಚ್‌ನಲ್ಲಿ ತಡೆಯಾಜ್ಞೆ ಸಿಕ್ಕಿತು. ಅದೇ ನವೆಂಬರ್ 14ರಂದು ಜನ ಕುಸನೂರಿನಲ್ಲಿ ಸೇರಿ, ನೂರರಷ್ಟು ನೀಲಗಿರಿ ಸಸಿ ಕಿತ್ತು, ಆ ಜಾಗದಲ್ಲಿ ಹಣ್ಣಿನ, ಮೇವಿನ ಸಸಿ ಹಚ್ಚಿದರು. ಅದಕ್ಕೇ ಅದರ ಹೆಸರು ‘ಕಿತ್ತಿಕೋ ಹಚ್ಚಿಕೋ’. 1991ರಲ್ಲಿ ಸರ್ಕಾರ ಆ ಕಂಪನಿಯನ್ನು ಮುಚ್ಚಲು ನಿರ್ಧರಿಸಿತು.

ಹೆಸರು ತಿದ್ದಲು ಹೋಗಬೇಡಿ. ‘ಕೀಳು, ನೆಡು’ ಅಂತ ಬ್ಯಾನರ್ ಬರೆಸಿದರೆ ಅದು ಬೇರೆ ಯಾವುದೋ ಊರಿನದಾಗುತ್ತದೆ. ನಮ್ಮ ಕಡೆ ಸಸಿ ನೆಡುವುದಿಲ್ಲ, ಹಚ್ಚುತ್ತೇವೆ. ಬ್ಯಾನರ್ ಬಟ್ಟೆಯದೇ ಇರಲಿ. ಫ್ಲೆಕ್ಸ್ 2016ರಿಂದಲೇ ನಿಷೇಧ, ಅದೂ ಕಾಡಿನ ಕಾರ್ಯಕ್ರಮಕ್ಕೆ ಫ್ಲೆಕ್ಸ್ ಕಟ್ಟಿದರೆ ಜನ ನಗುತ್ತಾರೆ.

ಈಗ ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. ನವೆಂಬರ್ 14ರಂದು ಸಸಿ ಹಚ್ಚಬೇಡಿ. ಮಳೆ ಮುಗಿದಿರುತ್ತದೆ, ಮುಂದೆ ಏಳು ತಿಂಗಳು ಕೊಡದಲ್ಲಿ ನೀರು ಹೊತ್ತು ಹಾಕಬೇಕು. 1987ರಲ್ಲಿ ಹಚ್ಚಿದವರು ನೀರು ಹಾಕಿ ನೋಡಿಕೊಳ್ಳುತ್ತೇವೆ ಅಂತ ಪ್ರತಿಜ್ಞೆ ಮಾಡಿಯೇ ಮನೆಗೆ ಹೋದರು. ನಾವು ಫೋಟೋ ತೆಗೆಸಿಕೊಂಡು ಹೋಗುತ್ತೇವೆ. ನಾನೂ ಅಂಥ ಒಂದು ಕಾರ್ಯಕ್ರಮದಲ್ಲಿ ಇದ್ದೆ. ಅತಿಥಿಗಳು ತಡವಾಗಿ ಬಂದರು, ಗಡಿಬಿಡಿಯಲ್ಲಿ ಐವತ್ತು ಸಸಿ ಇಟ್ಟೆವು, ತಿಂಗಳ ಮೇಲೆ ಹೋಗಿ ನೋಡಿದರೆ ಮೂರೋ ನಾಲ್ಕೋ ಉಳಿದಿದ್ದವು. ಒಂದು ಒಣಗಿದ ಸಸಿಯನ್ನು ಎತ್ತಿದೆ, ಬೇರು ಇನ್ನೂ ಪ್ಲಾಸ್ಟಿಕ್ ಚೀಲದೊಳಗೇ ಸುತ್ತಿಕೊಂಡು ಕೂತಿತ್ತು. ಚೀಲ ಹರಿಯುವುದನ್ನೇ ಯಾರೋ ಮರೆತಿದ್ದರು. ಯಾರೋ ಅಂದರೆ ನಾನೂ ಇರಬಹುದು.

ಹಾಗಾಗಿ ಕೆಲಸವನ್ನು ಎರಡು ಭಾಗ ಮಾಡಿ. ಜೂನ್‌ನಲ್ಲಿ, ಮಿರಗದ (ಮೃಗಶಿರ) ಮಳೆ ಒಂದೆರಡು ಸಲ ಹದವಾಗಿ ಬಿದ್ದ ಮೇಲೆ 40 ಸಸಿ ಹಚ್ಚಿ. ನವೆಂಬರ್ 14ರಂದು ಎಲ್ಲರೂ ಸೇರಿ ಹೋಗಿ ಎಷ್ಟು ಬದುಕಿವೆ ಅಂತ ಎಣಿಸಿ. ಆ ಎಣಿಕೆಯೇ ಅವತ್ತಿನ ಕಾರ್ಯಕ್ರಮ.

ಜಾಗ ಏಪ್ರಿಲ್‌ನಲ್ಲೇ ನೋಡಿಟ್ಟುಕೊಳ್ಳಿ. ಗಾಯರಾಣ (ಗೋಮಾಳ), ಕೆರೆ ದಂಡೆ, ಶಾಲೆ ಹಿಂದಿನ ಖಾಲಿ ಜಾಗ, ಯಾವುದಾದರೂ ಸರಿ. ಆದರೆ ಉತಾರ (ಪಹಣಿ) ತೆಗೆಸಿ ಸರ್ವೆ ನಂಬರ್ ಯಾರ ಹೆಸರಲ್ಲಿದೆ ಅಂತ ನೋಡದೆ ಗುಂಡಿಗೆ ಸಲಿಕೆ ಹಾಕಬೇಡಿ. ಪಂಚಾಯ್ತಿಗೆ ಒಂದು ಅರ್ಜಿ, ಅರಣ್ಯ ಇಲಾಖೆಯ ವಲಯ ಕಚೇರಿಗೆ ಒಂದು ಅರ್ಜಿ, ಎರಡಕ್ಕೂ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಆ ಜಾಗದಲ್ಲಿ ಯಾರ ಕುರಿ ಮೇಯುತ್ತವೆ ಅಂತಲೂ ಕೇಳಿ. ಕುರಿಯವರನ್ನು ಮೊದಲ ಸಭೆಗೇ ಕರೆಯದಿದ್ದರೆ ನಿಮ್ಮ ಸಸಿ ಅವರ ಕುರಿಗೆ ತಿಂಡಿ, ಅದರಲ್ಲಿ ಅವರ ತಪ್ಪೇನೂ ಇಲ್ಲ. ಕುಸನೂರಿನ ಜಗಳ ಶುರುವಾದದ್ದೂ ಮೇಯಿಸುವವರನ್ನು ಕೇಳದೆ ಜಾಗ ಕೊಟ್ಟಿದ್ದರಿಂದಲೇ.

ಸಸಿ ಇಲಾಖೆಯ ನರ್ಸರಿಯಲ್ಲಿ ಕಡಿಮೆ ದರಕ್ಕೆ ಸಿಗುತ್ತವೆ. ಬೇವು, ಹೊಂಗೆ, ಹುಣಸೆ, ನೇರಳೆ ಕೇಳಿ. ಹೂವು ಚೆಂದ ಅಂತ ಗುಲ್‌ಮೊಹರ್ ತರಬೇಡಿ, ಅವತ್ತು ಅವರು ಹಚ್ಚಿದ್ದು ಜನಕ್ಕೂ ದನಕ್ಕೂ ಬೇಕಾದದ್ದನ್ನು. ಮೊಣಕಾಲಿಗಿಂತ ಎತ್ತರದ, ಕಾಂಡ ಸ್ವಲ್ಪ ಗಟ್ಟಿಯಾದ ಸಸಿಯನ್ನೇ ಆರಿಸಿ. ಗುಂಡಿ ಒಂದೂವರೆ ಅಡಿ ಉದ್ದ, ಅಷ್ಟೇ ಅಗಲ, ಅಷ್ಟೇ ಆಳ. ಮೇ ತಿಂಗಳಲ್ಲೇ ತೋಡಿ ಬಿಸಿಲಿಗೆ ಬಿಡಿ. ಮಸಾರಿ (ಕೆಂಪು ಮಣ್ಣಿನ) ನೆಲದಲ್ಲಿ ಗುಂಡಿ ಸುತ್ತ ನೀರು ನಿಲ್ಲುವ ಹಾಗೆ ಪಾತಿ ಮಾಡಿ. ಎರೆ (ಕಪ್ಪು ಮಣ್ಣಿನ) ನೆಲದಲ್ಲಿ ಉಲ್ಟಾ, ಜಾಸ್ತಿ ನೀರು ನಿಂತರೆ ಬೇರು ಕೊಳೆಯುತ್ತದೆ, ಬುಡಕ್ಕೆ ಮಣ್ಣು ಏರಿಸಿ. ಸಸಿಯ ಚೀಲವನ್ನು ಬ್ಲೇಡಿನಿಂದ ಮೇಲಿಂದ ಕೆಳಗೆ ಸೀಳಿ, ಮಣ್ಣಿನ ಹೆಂಟೆ ಒಡೆಯದಂತೆ ಎರಡೂ ಕೈಯಲ್ಲಿ ಇಳಿಸಿ. ಖಾಲಿ ಚೀಲಗಳನ್ನು ಒಬ್ಬ ಹುಡುಗ ಎಣಿಸಿ ಇಟ್ಟುಕೊಳ್ಳಲಿ. 40 ಸಸಿಗೆ 40 ಚೀಲ ಕೈಗೆ ಬರಬೇಕು. 39 ಬಂದರೆ ಒಂದು ನೆಲದೊಳಗಿದೆ, ಹುಡುಕಿ. ಆಮೇಲೆ ಸುತ್ತ ಜಾಲಿಮುಳ್ಳು ಒತ್ತಿ.

‘ಕಿತ್ತಿಕೋ’ ಅನ್ನುವ ಭಾಗವನ್ನು ಹೇಗೆ ಮಾಡುವುದು ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ದಯವಿಟ್ಟು ನಿಂತ ನೀಲಗಿರಿ ಮರಕ್ಕೆ ಕೈ ಹಾಕಬೇಡಿ, ಸುಮ್ನೆ ಕೇಸ್ ಆಗುತ್ತದೆ. ಹೊಸ ನೀಲಗಿರಿ ಬೆಳೆಸುವುದನ್ನು ಸರ್ಕಾರವೇ 2017ರಲ್ಲಿ ನಿಷೇಧಿಸಿತು, ಹಾಗಾಗಿ ಆ ಜಗಳ ಒಂದು ಮಟ್ಟಿಗೆ ಮುಗಿದ ಹಾಗೆ. ಬದಲಿಗೆ ಜೂನ್ ಕೊನೆ, ಜುಲೈನಲ್ಲಿ ಸಸಿಗಳ ಸುತ್ತಲಿನ ಕಾಂಗ್ರೆಸ್ ಕಸ (ಪಾರ್ಥೇನಿಯಂ) ಕೀಳಿ. ಹೂವು ಬಿಡುವ ಮೊದಲೇ ಕೀಳಬೇಕು, ಕೈಗವಸು ಬೇಕೇ ಬೇಕು, ಕೆಲವರಿಗೆ ಮೈ ತುರಿಸಿ ಎರಡು ದಿನ ನಿದ್ದೆ ಇರುವುದಿಲ್ಲ.

ಈ ನಡುವೆ ಇನ್ನೊಂದು ಕೆಲಸವಿದೆ, ನನ್ನ ಕೇಳಿದರೆ ಇದೇ ದೊಡ್ಡದು. 1987ರಲ್ಲಿ 20 ವರ್ಷದವರಾಗಿದ್ದವರಿಗೆ 2027ಕ್ಕೆ 60. ಹಾನಗಲ್, ಹಾವೇರಿ ಕಡೆಯ ಸಂಬಂಧಿಕರನ್ನು ವಿಚಾರಿಸಿ, ಅವತ್ತು ಹೋದವರು ಸಿಕ್ಕರೆ ಅವರ ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ‘ನಿಮಗೆ ಏನನ್ನಿಸಿತು ಅಜ್ಜಾ’ ಅಂತ ಕೇಳಿದರೆ ‘ಚಲೋ ಅನ್ನಿಸ್ತು’ ಅಂತ ಹೇಳಿ ಸುಮ್ಮನಾಗುತ್ತಾರೆ. ‘ನಿಮ್ಮ ದನ ಎಲ್ಲಿ ಮೇಯುತ್ತಿದ್ದವು, ಅವತ್ತು ಬುತ್ತಿ ಏನು ಕಟ್ಟಿಕೊಂಡು ಹೋಗಿದ್ದಿರಿ’ ಅಂತ ಕೇಳಿ, ಒಂದು ತಾಸು ಮಾತಾಡುತ್ತಾರೆ. ಫೋನನ್ನು ಫ್ಲೈಟ್ ಮೋಡ್‌ಗೆ ಹಾಕಿ, ಮಡಚಿದ ಟವೆಲ್ ಮೇಲೆ ಇಡಿ, ಫ್ಯಾನ್ ಆರಿಸಿ. ಹಳೆಯ ಪತ್ರಿಕೆ ಹುಡುಕುವವರು ‘ಹಾವೇರಿ ಜಿಲ್ಲೆ’ ಅಂತ ಹುಡುಕಬೇಡಿ, ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ. ಆಗ ಅದು ಧಾರವಾಡ ಜಿಲ್ಲೆ.

ನವೆಂಬರ್ 14 ಆ ವರ್ಷ ಭಾನುವಾರ. ಮಕ್ಕಳ ದಿನಾಚರಣೆಗೆ ಶಾಲೆಯವರು ಬೇರೆ ಏನಾದರೂ ಇಟ್ಟುಕೊಂಡಿರಬಹುದು, ಮುಖ್ಯ ಶಿಕ್ಷಕರನ್ನು ದಸರೆಗೆ ಮುಂಚೆಯೇ ಕೇಳಿ. ಅದು ಸುಗ್ಗಿ ಕಾಲವೂ ಹೌದು, ಭತ್ತ, ಗೋವಿನಜೋಳ, ಹತ್ತಿ ಅಂತ ಜನ ಹೊಲದಲ್ಲಿರುತ್ತಾರೆ. ಹಾಗಾಗಿ ಬೆಳಿಗ್ಗೆ ಏಳಕ್ಕೆ ಶುರು ಮಾಡಿ ಒಂಬತ್ತಕ್ಕೆ ಮುಗಿಸಿ. ಶಾಲು, ಹಾರ ಬೇಡ. ಒಬ್ಬರು ಕಥೆ ಹೇಳಲಿ, ರೆಕಾರ್ಡ್ ಮಾಡಿದ ಒಂದು ದನಿ ಕೇಳಿಸಿ, ಆಮೇಲೆ ಮಕ್ಕಳು ಒಂದೊಂದು ಸಸಿ ಹತ್ತಿರ ನಿಂತು ‘ಒಂದು’, ‘ಎರಡು’ ಅಂತ ಕೂಗುತ್ತಾ ಹೋಗಲಿ. ಒಣಗಿದ ಸಸಿ ಹತ್ತಿರ ನಿಂತ ಮಗು ಕೂಗುವುದು ಬೇಡ, ಆ ಸದ್ದಿಲ್ಲದ ಜಾಗ ಎಲ್ಲರಿಗೂ ಕೇಳಿಸುತ್ತದೆ. ಬಂದ ಲೆಕ್ಕವನ್ನು, 11 ಆದರೆ 11 ಅಂತಲೇ, ಪಂಚಾಯ್ತಿ ಗೋಡೆಗೆ ಬರೆಯಿರಿ. ಆಮೇಲೆ ಗಿರ್ಮಿಟ್, ಮಿರ್ಚಿ, ಚಹಾ.

ಬೇಸಿಗೆಗೆ ವಾರಕ್ಕೆ ಎರಡು ಕೊಡ ನೀರು, ಯಾವ ವಾರ ಯಾವ ಮನೆಯ ಪಾಳಿ ಅನ್ನುವ ಪಟ್ಟಿ ಅವತ್ತೇ ಆಗಲಿ. ಇನ್ನೊಂದು ಮಾತು, ಹೋಳಿಹುಣ್ಣಿಮೆ ಹತ್ತಿರ ಬಂದಾಗ ಓಣಿ ಹುಡುಗರಿಗೆ ಮೊದಲೇ ಹೇಳಿಡಿ. ಕಾಮಣ್ಣನಿಗೆ ಕಟ್ಟಿಗೆ ಕದಿಯಲು ಹೊರಟಾಗ ಅವರ ಕಣ್ಣಿಗೆ ಮೊದಲು ಬೀಳುವುದು ನಿಮ್ಮ ಸಸಿ ಸುತ್ತಲಿನ ಜಾಲಿಮುಳ್ಳೇ.