ಹಳೆಯ ಪಿಕಪ್‌ಗೆ ಮರುಜೀವ: ದುರಸ್ತಿ ಚಾಸಿಯಿಂದ ಶುರುವಾಗಲಿ

ಬ್ಯಾಡಗಿಗೆ ಮೆಣಸಿನಕಾಯಿ, ಹುಬ್ಬಳ್ಳಿ ಅಮರಗೋಳದ ಎಪಿಎಂಸಿಗೆ ಹತ್ತಿ, ಗೋವಿನಜೋಳ, ಉಳ್ಳಾಗಡ್ಡಿ ಹೊತ್ತು ಹೊತ್ತು ಸೊಂಟ ಬಿದ್ದ ಪಿಕಪ್‌ಗಳು ನಮ್ಮ ಭಾಗದ ಹಳ್ಳಿಗಳಲ್ಲಿ ಕಣದ ಬದಿಗೋ ಗ್ಯಾರೇಜಿನ ಹಿಂದೆಯೋ ನಿಂತಿರುತ್ತವೆ. ಟಾಟಾ 207 ಇರಲಿ, ಮಹೀಂದ್ರ ಬೊಲೆರೊ ಪಿಕಪ್ ಇರಲಿ, ಇವೆಲ್ಲವೂ ಚಾಸಿ ಎಂಬ ಉಕ್ಕಿನ ಚೌಕಟ್ಟಿನ ಮೇಲೆ ಕ್ಯಾಬಿನ್ ಮತ್ತು ಹಿಂದಿನ ಬಾಡಿಯನ್ನು ಬೇರೆಬೇರೆಯಾಗಿ ಬೋಲ್ಟ್ ಹಾಕಿ ಕೂರಿಸಿದ ಗಾಡಿಗಳಾದ್ದರಿಂದ, ಬಿಚ್ಚಿ ಸರಿಪಡಿಸಿ ಮತ್ತೆ ದುಡಿಮೆಗೆ ಹಚ್ಚುವುದು ಸಾಧ್ಯವಿದೆ. ಆದರೆ ಮಾಲೀಕರಲ್ಲಿ ಬಹಳ ಮಂದಿ ಮೊದಲು ಹೋಗುವುದು ಪೇಂಟರ್ ಬಳಿಗೆ. ದುಡಿಯುವ ಗಾಡಿಯಲ್ಲಿ ಹಣ ಮೊದಲು ಚಾಸಿಗೆ, ಆಮೇಲೆ ಬ್ರೇಕು ಮತ್ತು ಪಾಟಾಗಳಿಗೆ (ಭಾರ ಹೊರುವ ಉಕ್ಕಿನ ಎಲೆಗಳ ಸ್ಪ್ರಿಂಗು), ಬಳಿಕ ಇಂಜಿನ್ನಿಗೆ ಹೋಗಬೇಕು, ಉಳಿದದ್ದು ಬಣ್ಣಕ್ಕೆ.

ಪಾನಾ ಹಿಡಿಯುವ ಮುಂಚೆ ಕಾಗದಪತ್ರ ನೋಡಬೇಕು. ಆರ್‌ಸಿಯಲ್ಲಿರುವ ಚಾಸಿ ಸಂಖ್ಯೆ ಮತ್ತು ಇಂಜಿನ್ ಸಂಖ್ಯೆಗಳು ಗಾಡಿಯ ಮೇಲೆ ಕೊರೆದ ಸಂಖ್ಯೆಗಳಿಗೆ ಅಕ್ಷರಶಃ ಹೊಂದಬೇಕು. ಹಿಂದಿನ ಸಾಲ ತೀರಿದ್ದರೆ ಫೈನಾನ್ಸಿನ ಹೆಸರು ಆರ್‌ಸಿಯಿಂದ ತೆಗೆದುಹೋಗಿರಬೇಕು. ತೆರಿಗೆ, ವಿಮೆ, ದಂಡದ ಬಾಕಿ ಎಷ್ಟಿದೆಯೆಂದು ತಿಳಿದಿರಬೇಕು. ಸರಕು ವಾಹನಕ್ಕೆ 8 ವರ್ಷ ತುಂಬಿದ ಮೇಲೆ ಪ್ರತಿವರ್ಷ ಎಫ್‌ಸಿ (ಗಾಡಿ ಓಡಲು ಯೋಗ್ಯವೆಂಬ ಪ್ರಮಾಣಪತ್ರ) ಮಾಡಿಸಲೇಬೇಕಾಗುತ್ತದೆ. ಗಾಡಿಯ ನಂಬರು ಧಾರವಾಡದ ಕೆಎ-25 ಇರಲಿ, ಹುಬ್ಬಳ್ಳಿಯ ಕೆಎ-63, ಗದಗಿನ ಕೆಎ-26 ಅಥವಾ ಹಾವೇರಿಯ ಕೆಎ-27 ಇರಲಿ, ಇಂಜಿನ್ ಬದಲಿಸುವುದಿದ್ದರೆ ಅಥವಾ ಬೇರೆ ಬಣ್ಣ ಹಚ್ಚುವುದಿದ್ದರೆ ಆರ್‌ಟಿಒ ಕಚೇರಿಯಲ್ಲಿ ಮೊದಲೇ ವಿಚಾರಿಸಿ, ಆರ್‌ಸಿಯಲ್ಲಿ ದಾಖಲಾಗುವಂತೆ ನೋಡಿಕೊಳ್ಳಬೇಕು. ಚಾಸಿ ಸಂಖ್ಯೆ ಇರುವ ಜಾಗವನ್ನು ಪತ್ತೆಹಚ್ಚಿ, ಗ್ರೀಸ್ ಸವರಿ, ಮೇಲೊಂದು ಟೇಪು ಅಂಟಿಸಿ, ಆ ಜಾಗದಲ್ಲಿ ಗ್ರೈಂಡರ್ ಆಡಿಸಬಾರದೆಂದು ತಗಡಿನ ಕೆಲಸದ ಟಿಂಕರ್‌ಗೆ ತೋರಿಸಿ ಹೇಳುವುದು ಅಗತ್ಯ. ಸಂಖ್ಯೆ ಅಳಿದುಹೋದ ಗಾಡಿಯನ್ನು ಎಷ್ಟು ಚೆನ್ನಾಗಿ ರಿಪೇರಿ ಮಾಡಿಸಿದರೂ ಎಫ್‌ಸಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ.

ಚಾಸಿಯ ಪರೀಕ್ಷೆ

ನಮ್ಮ ಎರೆಮಣ್ಣು ಒಮ್ಮೆ ಮೆತ್ತಿಕೊಂಡರೆ ಸುಲಭಕ್ಕೆ ಬಿಡುವುದಿಲ್ಲ. ಹೊರಗೆ ಒಣಗಿ ಬಿರುಕು ಬಿಟ್ಟಿದ್ದರೂ ಒಳಪದರದಲ್ಲಿ ಹಸಿ ಹಿಡಿದುಕೊಂಡಿರುತ್ತದೆ. ಚಾಸಿಗೂ ಹಿಂದಿನ ಬಾಡಿಗೂ ನಡುವಿನ ಸಂದು, ಹಿಂದಿನ ಪಾಟಾದ ಬ್ರ್ಯಾಕೆಟ್ ಚಾಸಿಗೆ ಸೇರುವ ಮೂಲೆ, ಅಡ್ಡಪಟ್ಟಿಗಳ ತುದಿ, ಕ್ಯಾಬಿನ್ನಿನ ಮೌಂಟ್‌ಗಳ ಕೆಳಗೆ ಇಂಥ ಮಣ್ಣು ಇಟ್ಟಿಗೆಯಂತೆ ಗಟ್ಟಿಯಾಗಿ ಕೂತಿರುತ್ತದೆ. ಅದನ್ನು ಉಳಿಯಿಂದ ಕೆತ್ತಿ ತೆಗೆದು, ಸರ್ವಿಸ್ ಸ್ಟೇಷನ್ನಿನ ಪ್ರೆಷರ್ ನೀರಿನಿಂದ ಅಡಿಭಾಗ ತೊಳೆಸಿ, ಎರಡು ಮೂರು ದಿನ ಬಿಸಿಲಿಗೆ ನಿಲ್ಲಿಸಿದ ಮೇಲೆಯೇ ಪರೀಕ್ಷೆ ನಡೆಸಬೇಕು. ಸಣ್ಣ ಸುತ್ತಿಗೆಯಿಂದ ಚಾಸಿಯ ಉದ್ದಕ್ಕೂ ಗೇಣು ಗೇಣಿಗೆ ತಟ್ಟುತ್ತ ಹೋದರೆ ಗಟ್ಟಿ ಉಕ್ಕು ಟಣ್ ಎನ್ನುತ್ತದೆ, ಕೊಳೆತದ್ದು ದಬ್ ಎಂದು ಪದರು ಉದುರಿಸುತ್ತದೆ. ಸಂಶಯವಿದ್ದಲ್ಲಿ ಹಳೆಯ ಸ್ಕ್ರೂಡ್ರೈವರ್ ಒತ್ತಿ ನೋಡಬೇಕು. ಅಡ್ಡಪಟ್ಟಿಯೋ ಬ್ರ್ಯಾಕೆಟ್ಟೋ ಹೋಗಿದ್ದರೆ ಬದಲಿಸಬಹುದು. ಚಾಸಿಯ ಉದ್ದನೆಯ ತೊಲೆಯೇ ಪಾಟಾದ ಬಳಿ ತೂತು ಬಿದ್ದಿದ್ದರೆ ಅಥವಾ ಹಿಂದೊಮ್ಮೆ ಬಿರುಕು ಬಿಟ್ಟಲ್ಲಿ ಯಾರೋ ಪಟ್ಟಿ ಇಟ್ಟು ವೆಲ್ಡ್ ಮಾಡಿ, ಆ ಪಟ್ಟಿಯ ಅಂಚಿನಲ್ಲಿ ಹೊಸ ಬಿರುಕು ಕಾಣುತ್ತಿದ್ದರೆ, ಆ ಗಾಡಿಗೆ ಮುಂದೆ ಹಣ ಹಾಕದಿರುವುದೇ ಲೇಸು.

ಗಟ್ಟಿ ಇದೆಯೆಂದು ಖಾತ್ರಿಯಾದರೆ ಹಿಂದಿನ ಬಾಡಿಯ ಬೋಲ್ಟ್ ಬಿಚ್ಚಿ ಇಳಿಸಿಬಿಡುವುದು ಉತ್ತಮ. ಇಳಿಸದೆ ಕೆಳಗಿನಿಂದ ಬ್ರಷ್ ಆಡಿಸಿದರೆ ಸಂದಿನ ತುಕ್ಕು ಹಾಗೆಯೇ ಉಳಿಯುತ್ತದೆ. ತಂತಿ ಬ್ರಷ್‌ನಿಂದ ತಿಕ್ಕಿ, ರಸ್ಟ್ ಕನ್ವರ್ಟರ್ ಹಚ್ಚಿ, ಪ್ರೈಮರ್ ಹೊಡೆದು, ಅದು ಒಣಗಿದ ಬಳಿಕ ಕಪ್ಪು ಎನಾಮಲ್ ಬಳಿಯಬೇಕು. ಸುಟ್ಟ ಇಂಜಿನ್ ಆಯಿಲ್ ಬಳಿಯುವ ರೂಢಿ ನಮ್ಮಲ್ಲಿ ಇನ್ನೂ ಇದೆ; ಅದು ರಬ್ಬರ್ ಬುಷ್‌ಗಳನ್ನು ಉಬ್ಬಿಸಿ ಹಾಳುಮಾಡುತ್ತದೆ, ಧೂಳನ್ನು ಬೇರೆ ಹಿಡಿದಿಟ್ಟುಕೊಳ್ಳುತ್ತದೆ. ಹಸಿ ತುಕ್ಕಿನ ಮೇಲೆ ಡಾಂಬರಿನಂಥ ಅಂಡರ್‌ಕೋಟ್ ಬಳಿಯುವುದು ಅದಕ್ಕಿಂತ ಕೆಟ್ಟದ್ದು, ಒಳಗೆ ಕೊಳೆಯುವುದು ಹೊರಗೆ ಕಾಣುವುದೇ ಇಲ್ಲ.

ಪಾಟಾ ಮತ್ತು ಬ್ರೇಕು

ಇವೆರಡನ್ನು ಒಟ್ಟಿಗೆ ನೋಡಬೇಕಾದ ಕಾರಣವಿದೆ. ಅನೇಕ ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್‌ನ ಮೇಲ್ಗಡೆ ಚಾಸಿಗೆ ಒಂದು ಚಿಕ್ಕ ವಾಲ್ವ್ ಇದ್ದು, ಅದರ ಸಲಾಕೆ ಅಥವಾ ಸ್ಪ್ರಿಂಗು ಆಕ್ಸಲ್‌ಗೆ ಜೋಡಣೆಯಾಗಿರುತ್ತದೆ. ಲೋಡು ಬಿದ್ದು ಗಾಡಿ ತಗ್ಗಿದಾಗ ಈ ವಾಲ್ವ್ ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ, ಖಾಲಿ ಇದ್ದಾಗ ಕಡಿಮೆ ಬಿಡುತ್ತದೆ. ಹಳೆಯ ಗಾಡಿಗಳಲ್ಲಿ ಇದು ಮಣ್ಣು ತುಂಬಿ ಜಾಮ್ ಆಗಿರುತ್ತದೆ, ಇಲ್ಲವೇ ಯಾರೋ ತಂತಿಯಿಂದ ಕಟ್ಟಿಬಿಟ್ಟಿರುತ್ತಾರೆ. ಖಾಲಿ ಸ್ಥಿತಿಯಲ್ಲಿ ಜಾಮ್ ಆಗಿದ್ದರೆ ತುಂಬಿದ ಗಾಡಿ ಬೇಗ ನಿಲ್ಲುವುದಿಲ್ಲ. ಲೋಡಿನ ಸ್ಥಿತಿಯಲ್ಲಿ ಜಾಮ್ ಆಗಿದ್ದರೆ ಖಾಲಿ ಗಾಡಿಯ ಹಿಂದಿನ ಗಾಲಿಗಳು ಮಳೆಯಲ್ಲಿ ಲಾಕ್ ಆಗಿ ಜಾರುತ್ತವೆ. ಹೆಚ್ಚು ಭಾರ ಹೇರಲೆಂದು ಪಾಟಾದ ಕಟ್ಟಿಗೆ ಒಂದೆರಡು ಎಲೆ ಜಾಸ್ತಿ ಸೇರಿಸುವುದು ನಮ್ಮ ಕಡೆ ಸಾಮಾನ್ಯವಷ್ಟೆ. ಹಾಗೆ ಸೇರಿಸಿದ ಗಾಡಿ ಲೋಡಿನಲ್ಲಿಯೂ ತಗ್ಗುವುದಿಲ್ಲವಾದ್ದರಿಂದ ವಾಲ್ವ್ ಅದನ್ನು ಖಾಲಿ ಗಾಡಿಯೆಂದೇ ಎಣಿಸಿ ಹಿಂದಿನ ಬ್ರೇಕನ್ನು ದುರ್ಬಲವಾಗಿಯೇ ಇಡುತ್ತದೆ. ಆದ್ದರಿಂದ ಕಂಪನಿ ಕೊಟ್ಟಷ್ಟೇ ಎಲೆಗಳಿಗೆ ಹಿಂದಿರುಗಿ, ಮುರಿದ ಎಲೆ, ಸವೆದ ಬುಷ್, ಶ್ಯಾಕಲ್ ಪಿನ್ ಬದಲಿಸಿ, ಪಾಟಾವನ್ನು ಆಕ್ಸಲ್‌ಗೆ ಬಿಗಿಯುವ ಯು-ಬೋಲ್ಟ್‌ಗಳನ್ನು ಹೊಸದಾಗಿಯೇ ಹಾಕಿ, ಆಮೇಲೆ ವಾಲ್ವ್ ಸರಿಹೊಂದಿಸಬೇಕು.

ಬ್ರೇಕಿನಲ್ಲಿ ಮಾಸ್ಟರ್ ಸಿಲಿಂಡರ್, ವೀಲ್ ಸಿಲಿಂಡರ್, ರಬ್ಬರ್ ಹೋಸ್‌ಗಳ ವಿಷಯದಲ್ಲಿ ಕೈ ಬಿಗಿ ಹಿಡಿಯಬಾರದು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣದ್ದಾದ್ದರಿಂದ ಹಳೆಯದನ್ನು ಪೂರ್ತಿ ಹೊರಹಾಕಿ, ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಗಾಲಿಯಿಂದ ಆರಂಭಿಸಿ ಗಾಳಿ ತೆಗೆಯಬೇಕು. ಟೈರ್ ಮೇಲ್ಮೈ ಚೆನ್ನಾಗಿ ಕಂಡರೂ ಪಕ್ಕದಲ್ಲಿ ಒತ್ತಿರುವ ನಾಲ್ಕು ಅಂಕಿಗಳನ್ನು ಓದಬೇಕು: 2317 ಎಂದಿದ್ದರೆ ಅದು 2017ರ 23ನೇ ವಾರದಲ್ಲಿ ತಯಾರಾದದ್ದು, ಅಂಥದರ ಮೇಲೆ ಭಾರ ಹೇರುವ ಕಾಲ ಮುಗಿದಿದೆ.

ಇಂಜಿನ್

ಬಹುದಿನ ನಿಂತಿದ್ದ ಡೀಸೆಲ್ ಇಂಜಿನ್ನನ್ನು ನೇರವಾಗಿ ಸೆಲ್ಫ್ ಹೊಡೆದು ಎಬ್ಬಿಸಬಾರದು. ಟ್ಯಾಂಕಿನ ಹಳೆಯ ಡೀಸೆಲ್ ಮತ್ತು ಕೆಳಗೆ ಕೂತ ನೀರನ್ನು ಬಸಿದು, ಫಿಲ್ಟರ್‌ಗಳನ್ನೂ ಇಂಜಿನ್ ಆಯಿಲನ್ನೂ ಬದಲಿಸಿ, ಕ್ರ್ಯಾಂಕ್ ಪುಲ್ಲಿಗೆ ಪಾನಾ ಹಾಕಿ ಕೈಯಿಂದ ಎರಡು ಸುತ್ತು ತಿರುಗಿಸಿ ನೋಡಿ, ಡೀಸೆಲ್ ಲೈನಿನ ಗಾಳಿ ತೆಗೆದ ನಂತರ ಸ್ಟಾರ್ಟ್ ಮಾಡಬೇಕು. ಬಿಸಿಯಾದ ಮೇಲೆ ಹೊಗೆ ನೀಲಿಯಾಗಿದ್ದರೆ ಆಯಿಲ್ ಸುಡುತ್ತಿದೆ. ಕಪ್ಪಾಗಿದ್ದರೆ ಏರ್ ಫಿಲ್ಟರ್, ನೋಝಲ್ ಅಥವಾ ಪಂಪಿನ ತಪ್ಪಿರಬಹುದು. ಬಿಳಿ ಹೊಗೆ ನಿಲ್ಲದೆ ರೇಡಿಯೇಟರಿನ ನೀರೂ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ. ಆಯಿಲ್ ಹಾಕುವ ಮುಚ್ಚಳ ತೆಗೆದಾಗ ಹೊಗೆ ಬುಸುಬುಸು ಹೊರಬಂದರೆ ಪಿಸ್ಟನ್ ರಿಂಗ್ ಸವೆದಿವೆ ಎನ್ನಬಹುದು. ಆದರೂ ಕಂಪ್ರೆಷನ್ (ಸಿಲಿಂಡರಿನ ಒಳಗಿನ ಒತ್ತಡ) ಅಳೆಯದೆ ಇಂಜಿನ್ ಬಿಚ್ಚಲು ಒಪ್ಪಬಾರದು. ಪಂಪು ಮತ್ತು ನೋಝಲ್ ಸರಿಪಡಿಸಿದರೇ ಸಾಕಾಗುವ ಗಾಡಿಗೆ ಬೋರಿಂಗ್ (ಸವೆದ ಸಿಲಿಂಡರ್ ಕೊರೆಸುವ) ಖರ್ಚು ಹೊರಿಸಿದ ನಿದರ್ಶನಗಳು ಕಡಿಮೆಯಿಲ್ಲ. ರೇಡಿಯೇಟರಿಗೆ ಗದಗ ಸೀಮೆಯ ಬೋರಿನ ಗಡುಸು ನೀರು ಹಾಕಿದರೆ ಒಳಗೆ ಸುಣ್ಣದ ಪೊರೆ ಕಟ್ಟುತ್ತದೆ. ಕೂಲೆಂಟ್ ಹಾಕುವುದೇ ಸರಿ. ವೈರಿಂಗಿನಲ್ಲಿ ಇಲಿ ಕಡಿದ ಜಾಗಗಳನ್ನು ಹುಡುಕಿ, ಅರ್ಥಿಂಗ್ ಪಟ್ಟಿ ಬದಲಿಸಿ, ಇಂಜಿನ್ ಓಡುವಾಗ ಬ್ಯಾಟರಿಯಲ್ಲಿ 13.8ರಿಂದ 14.4 ವೋಲ್ಟ್ ಬರುತ್ತಿದೆಯೇ ನೋಡಿದರೆ ಆ ಭಾಗ ಮುಗಿಯಿತು.

ತಗಡು, ಬಣ್ಣ, ಋತು

ಹಿಂದಿನ ಬಾಡಿಯ ತಳವನ್ನು ತಿನ್ನುವುದು ಮಳೆಗಿಂತ ಹೆಚ್ಚಾಗಿ ಚೀಲದಿಂದ ಸೋರಿದ ಗೊಬ್ಬರ. ಯೂರಿಯಾ, ಡಿಎಪಿ ತೇವ ಹೀರಿಕೊಂಡು ಮೂಲೆಗಳಲ್ಲಿ ಕೂತು ಉಕ್ಕನ್ನು ಕೊರೆಯುತ್ತವೆ. ತಳ ಜರಡಿಯಾಗಿದ್ದರೆ ತೇಪೆ ಹಾಕದೆ ಪೂರ್ತಿ ಹೊಸ ಚೆಕರ್ಡ್ ಪ್ಲೇಟ್ ಹಾಕಿಸಿ, ನೀರು ಇಳಿಯಲು ಮೂಲೆಗಳಲ್ಲಿ ರಂಧ್ರ ಬಿಡಿಸಬೇಕು. ವೆಲ್ಡಿಂಗ್‌ಗೆ ಮುಂಚೆ ಬ್ಯಾಟರಿಯ ತಂತಿ ಬಿಚ್ಚುವುದು ಮತ್ತು ಡೀಸೆಲ್ ಟ್ಯಾಂಕ್ ಇಳಿಸುವುದು ಕಡ್ಡಾಯ. ಕ್ಯಾಬಿನ್ನಿನ ಬಾಗಿಲ ಅಡಿಯಲ್ಲಿ ತುಕ್ಕು ತಿಂದ ತಗಡನ್ನು ಕತ್ತರಿಸಿ ಹೊಸ ತುಂಡು ಬೆಸೆಯಬೇಕು. ಪುಟ್ಟಿಯಿಂದ ತೂತು ಮುಚ್ಚಿಸಿದರೆ ಒಂದು ಮಳೆಗಾಲಕ್ಕೇ ಉದುರುತ್ತದೆ. ಪುಟ್ಟಿ 3 ಮಿ.ಮೀ.ಗಿಂತ ದಪ್ಪವಾಗಬಾರದು. ಕೆಲಸ ಒಪ್ಪಿಸಿಕೊಳ್ಳುವಾಗ ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತವೊಂದನ್ನು ಇಟ್ಟು ನೋಡಿದರೆ, ಅದು ಹಿಡಿಯದ ಕಡೆ ತಗಡಿಲ್ಲ, ಪುಟ್ಟಿಯೇ ಇದೆ ಎಂದರ್ಥ.

ಬಣ್ಣಕ್ಕೆ ಒಣ ಹವೆ ಬೇಕು. ಧಾರವಾಡದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲಿ ತೇವ ಹೆಚ್ಚಿರುವುದರಿಂದ ಬಣ್ಣದ ಹೊಳಪು ಮಂಕಾಗುವ ಸಂಭವವಿದೆ. ಆ ತಿಂಗಳುಗಳನ್ನು ಚಾಸಿ, ಇಂಜಿನ್ ಕೆಲಸಕ್ಕೆ ಬಳಸಿ, ಬಣ್ಣವನ್ನು ದಸರೆಯ ನಂತರಕ್ಕೆ ಇಟ್ಟುಕೊಂಡರೆ ಚಳಿಗಾಲದ ಮೆಣಸಿನಕಾಯಿ ಹಂಗಾಮಿಗೆ ಗಾಡಿ ಸಿದ್ಧವಾಗುತ್ತದೆ. ದಸರೆಯ ಖಂಡೆ ಪೂಜೆಗೇ (ಆಯುಧ ಪೂಜೆ) ಹೊಸ ಬಣ್ಣ ಬೇಕೆಂದು ಪ್ರತಿಯೊಬ್ಬರೂ ಹಟ ಹಿಡಿಯುವುದರಿಂದ ಅದರ ಮುಂಚಿನ ಹದಿನೈದು ದಿನ ಪೇಂಟಿಂಗ್ ಶೆಡ್‌ಗಳಲ್ಲಿ ಅವಸರದ ಕೆಲಸವೇ ಆಗುತ್ತದೆ. ಪೂಜೆಗೆ ಪ್ರೈಮರ್ ಬಣ್ಣದ ಗಾಡಿಯಾದರೂ ಅಡ್ಡಿಯಿಲ್ಲ.

ಎಲ್ಲ ಜೋಡಣೆಯಾದ ಮೇಲೆ ಮೊದಲು ಖಾಲಿ ಮೈದಾನದಲ್ಲಿ ಬ್ರೇಕ್ ಪರೀಕ್ಷಿಸಿ, ಆಮೇಲೆ ಊರ ರಸ್ತೆಯಲ್ಲಿ ಓಡಿಸಿ, ಕೊನೆಗೆ ಅರ್ಧ ಲೋಡು ಹೇರಿ ನೋಡಬೇಕು. ಅಂಕೋಲಾ ದಾರಿಯ ಅರಬೈಲ್ ಘಟ್ಟದಂಥ ಇಳಿಜಾರಿಗೆ ಕರೆದೊಯ್ಯಲು ಅವಸರ ಬೇಡ. ಇಂಜಿನ್ ಬೋರಿಂಗ್ ಆಗಿದ್ದರೆ ಮೊದಲ 1000 ಕಿ.ಮೀ. ಹಗುರ ಲೋಡಿನಲ್ಲಿ ಓಡಿಸಿ ಆಯಿಲ್ ಬದಲಿಸಬೇಕು. ಮೊದಲ ಲೋಡು ಇಳಿಸಿದ ದಿನವೇ ಗಾಡಿಯ ಕೆಳಗೆ ಹೋಗಿ ಯು-ಬೋಲ್ಟ್‌ಗಳನ್ನೂ ಗಾಲಿಯ ನಟ್‌ಗಳನ್ನೂ ಮತ್ತೊಮ್ಮೆ ಬಿಗಿ ಮಾಡಬೇಕು, ಹೊಸ ಪಾಟಾಗಳು ಭಾರ ಬಿದ್ದು ಕೂತ ಮೇಲೆ ಅವು ಸಡಿಲಾಗಿಯೇ ಇರುತ್ತವೆ.